ಸೋಯಾ ಅವರೆ: ಉಳುಮೆಯ ವಿಧಾನ, ಇಳುವರಿ ಮತ್ತು ಕಳೆಯ ಲೆಕ್ಕಾಚಾರ

ಜ್ಞಾನಭಾರತಿಯ ಸುತ್ತಮುತ್ತಲಿನ ನೆಲ ಕೆಂಪು ಮಣ್ಣಿನದು. ರಾಗಿ, ಅವರೆ, ತೊಗರಿಗಳನ್ನು ಕಂಡ ಈ ನೆಲದಲ್ಲಿ ಸೋಯಾ ಅವರೆಯ ಹೊಲವನ್ನು ಹುಡುಕಿದರೂ ಕಾಣಸಿಗದು. ಆದರೂ ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಉದ್ಯಮಿಗಳಲ್ಲಿ ಅನೇಕರಿಗೆ ಈ ಬೆಳೆಯೊಡನೆ ನಿತ್ಯದ ಸಂಬಂಧವಿದೆ. ಖಾದ್ಯ ತೈಲದ ಸಗಟು ವ್ಯಾಪಾರಿಗಳು, ಕೋಳಿ ಮತ್ತು ಪಶು ಆಹಾರ ತಯಾರಕರು, ಸೋಯಾ ಹಿಟ್ಟನ್ನು ಬಳಸುವ ಬೇಕರಿಗಳು, ಕೃಷಿ ಉಪಕರಣಗಳ ಬಿಡಿಭಾಗಗಳನ್ನು ತಯಾರಿಸಬಲ್ಲ ಪೀಣ್ಯ ಹಾಗೂ ಕುಂಬಳಗೋಡಿನ ಸಣ್ಣ ಘಟಕಗಳು, ಇವರೆಲ್ಲರ ಲಾಭನಷ್ಟದ ಒಂದು ಅಂಶವು ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ಎರೆಭೂಮಿಯಲ್ಲಿ ಜೂನ್ ತಿಂಗಳಿನಲ್ಲಿಯೇ ನಿರ್ಧಾರವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಸೋಯಾ ಅವರೆಯ ವಿಸ್ತೀರ್ಣ ನಾಲ್ಕು ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದೆ. ದೇಶದಲ್ಲಿ ಇದರ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು ಒಂದು ಟನ್ ಮಾತ್ರ. ಜಾಗತಿಕ ಸರಾಸರಿ ಎರಡೂವರೆ ಟನ್ನಿಗೂ ಹೆಚ್ಚು. ಈ ಅಂತರಕ್ಕೆ ತಳಿ, ಮಳೆ, ಗೊಬ್ಬರ, ರೋಗ ಮುಂತಾದ ಹಲವು ಕಾರಣಗಳಿವೆ. ಅವುಗಳ ನಡುವೆ ರೈತನ ಕೈಯಲ್ಲಿಯೇ ಇರುವ ಎರಡು ವಿಷಯಗಳೆಂದರೆ ಭೂಮಿಯನ್ನು ಹದಗೊಳಿಸುವ ರೀತಿ ಮತ್ತು ಕಳೆಯನ್ನು ಹತೋಟಿಯಲ್ಲಿಡುವ ರೀತಿ. ಇವೆರಡೂ ಒಂದಕ್ಕೊಂದು ಹೇಗೆ ಬೆಸೆದುಕೊಂಡಿವೆ, ಇದರಿಂದ ವಾಣಿಜ್ಯ ವಲಯವು ತಿಳಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಉಳುಮೆಯ ಉದ್ದೇಶಗಳು

ರೈತನು ಭೂಮಿಯನ್ನು ಏಕೆ ಉಳುತ್ತಾನೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳಿವೆ. ಮೊದಲನೆಯದು, ಮಣ್ಣನ್ನು ಸಡಿಲಗೊಳಿಸಿ ಬೇರು ಇಳಿಯಲು, ನೀರು ಇಂಗಲು ಅನುವು ಮಾಡಿಕೊಡುವುದು. ಎರಡನೆಯದು, ಹಿಂದಿನ ಬೆಳೆಯ ಕೂಳೆ ಹಾಗೂ ಗೊಬ್ಬರವನ್ನು ಮಣ್ಣಿನೊಡನೆ ಬೆರೆಸುವುದು. ಮೂರನೆಯದು, ಬಿತ್ತನೆಗೆ ಮುನ್ನ ಹೊಲದಲ್ಲಿರುವ ಕಳೆಯನ್ನು ನಾಶಮಾಡುವುದು.

ಈ ಕಾರ್ಯಕ್ಕೆ ತಗಲುವ ಶ್ರಮ ಅಲ್ಪವಲ್ಲ. ಒಂದು ಹೆಕ್ಟೇರಿನಲ್ಲಿ 15 ಸೆಂ.ಮೀ. ಆಳದವರೆಗಿನ ಮಣ್ಣಿನ ತೂಕ ಸುಮಾರು 2,000 ಟನ್. ಒಂದು ಟನ್ ಸೋಯಾ ಅವರೆಯನ್ನು ಪಡೆಯಲು ಇಷ್ಟು ಮಣ್ಣನ್ನು ಪ್ರತಿ ವರ್ಷ ಮಗುಚಬೇಕೇ ಎಂಬ ಪ್ರಶ್ನೆ ಡೀಸೆಲ್ ಬೆಲೆ ಏರಿದಂತೆಲ್ಲ ಹೆಚ್ಚು ತೀವ್ರವಾಗಿದೆ.

ಎರೆಭೂಮಿಯ ವಿಷಯದಲ್ಲಿ ಮೊದಲನೆಯ ಉದ್ದೇಶವು ಬಹುಮಟ್ಟಿಗೆ ತಾನಾಗಿಯೇ ನೆರವೇರುತ್ತದೆ. ಈ ಮಣ್ಣಿನ ಜೇಡಿ ಅಂಶವು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ತುಂಬ ಆಳವಾದ ಬಿರುಕುಗಳು ಮೂಡಿ, ಮೇಲ್ಪದರದ ಸಣ್ಣ ಹರಳುಗಳು ಅವುಗಳೊಳಗೆ ಉದುರುತ್ತವೆ. ಎರೆಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಹೇಳುವುದು ಇದೇ ಕಾರಣಕ್ಕೆ. ಕೆಂಪು ಭೂಮಿಗೆ ಈ ಗುಣವಿಲ್ಲ. ಅದು ಮಳೆಯ ಹೊಡೆತಕ್ಕೆ ಸಿಕ್ಕಿ ಒಣಗಿದಾಗ ಗಟ್ಟಿಯಾಗುತ್ತದೆ. ಆದುದರಿಂದ ಬೀದರಿನ ಎರೆಭೂಮಿಗೆ ಹೊಂದುವ ಸಲಹೆಯನ್ನು ರಾಜ್ಯದ ಎಲ್ಲ ಮಣ್ಣುಗಳಿಗೂ ಅನ್ವಯಿಸಲಾಗದು.

ಪ್ರಚಲಿತ ವಿಧಾನಗಳು

ಉತ್ತರ ಕರ್ನಾಟಕದಲ್ಲಿ ಇಂದು ಕಂಡುಬರುವ ಭೂಸಿದ್ಧತೆಯ ಕ್ರಮಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

1. ಆಳ ಉಳುಮೆ: ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿದ ಪಲ್ಟಿ ನೇಗಿಲಿನಿಂದ ಮಣ್ಣನ್ನು ಮಗುಚಿ, ಹೆಂಟೆಗಳನ್ನು ಬಿಸಿಲಿಗೆ ಒಡ್ಡಿ, ಮಳೆ ಬಿದ್ದ ಮೇಲೆ ಕುಂಟೆ ಹೊಡೆದು ಬಿತ್ತುವುದು.

2. ಸಾಧಾರಣ ಉಳುಮೆ: ಕಲ್ಟಿವೇಟರ್ ಅಥವಾ ರಂಟೆಯಿಂದ ಒಂದೆರಡು ಬಾರಿ ಉತ್ತು, ಕುಂಟೆಯಿಂದ ಹರಗಿ ಬಿತ್ತುವುದು. ಕೆಲವೆಡೆ ಕಲ್ಟಿವೇಟರಿನ ಸ್ಥಾನವನ್ನು ರೋಟವೇಟರ್ ಆಕ್ರಮಿಸಿದೆ.

3. ಕನಿಷ್ಠ ಉಳುಮೆ: ಕುಂಟೆಯಿಂದ ಮಾತ್ರ ಹರಗಿ, ಅಥವಾ ಸಾಲಿನ ಜಾಗವನ್ನಷ್ಟೇ ಸಡಿಲಗೊಳಿಸಿ ಬಿತ್ತುವುದು. ಹಿಂದಿನ ಬೆಳೆಯ ಉಳಿಕೆಯನ್ನು ಹೊಲದ ಮೇಲೆಯೇ ಬಿಡಲಾಗುತ್ತದೆ.

4. ಶೂನ್ಯ ಉಳುಮೆ: ಭೂಮಿಯನ್ನು ಉಳದೆ, ಗಟ್ಟಿ ನೆಲವನ್ನು ಸೀಳುವ ವಿಶೇಷ ಕೂರಿಗೆಯಿಂದ ನೇರವಾಗಿ ಬೀಜ ಬಿತ್ತುವುದು.

ಇವುಗಳ ಜೊತೆಗೆ ಅಗಲ ಮಡಿ ಮತ್ತು ಬೋದು ಪದ್ಧತಿಯನ್ನು ಹೆಸರಿಸಬೇಕು. ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯು ಎರೆಭೂಮಿಗೆಂದು ರೂಪಿಸಿದ ಈ ಪದ್ಧತಿಯಲ್ಲಿ ಸುಮಾರು ಒಂದು ಮೀಟರ್ ಅಗಲದ ಮಡಿ ಹಾಗೂ ಅರ್ಧ ಮೀಟರ್ ಅಗಲದ ಕಾಲುವೆ ಇರುತ್ತವೆ. ಮಳೆ ಹೆಚ್ಚಾದಾಗ ಕಾಲುವೆಯಿಂದ ನೀರು ಹರಿದುಹೋಗುತ್ತದೆ. ಕಡಿಮೆಯಾದಾಗ ಅಲ್ಲಿಯೇ ಇಂಗುತ್ತದೆ. ಮಡಿಯನ್ನು ಒಮ್ಮೆ ಕಟ್ಟಿದ ನಂತರ ಕೆಲವು ವರ್ಷ ಉಳಿಸಿಕೊಳ್ಳಬಹುದಾದುದರಿಂದ ಕನಿಷ್ಠ ಉಳುಮೆಗೂ ಇದು ಹೊಂದುತ್ತದೆ.

ಇಳುವರಿಯ ಮೇಲಿನ ಪರಿಣಾಮ

ಹೆಚ್ಚು ಉತ್ತಷ್ಟೂ ಹೆಚ್ಚು ಬೆಳೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಸೋಯಾ ಅವರೆಯ ಮಟ್ಟಿಗೆ ಪ್ರಯೋಗಗಳು ಇದನ್ನು ಸಮರ್ಥಿಸುವುದಿಲ್ಲ. ಭೋಪಾಲದ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆಯು ಎರೆಭೂಮಿಯಲ್ಲಿ ಸೋಯಾ ಮತ್ತು ಗೋಧಿಯ ಸರದಿಯಲ್ಲಿ ದೀರ್ಘಕಾಲ ನಡೆಸಿದ ಪ್ರಯೋಗಗಳಲ್ಲಿ, ಕಳೆ ಮತ್ತು ಪೋಷಕಾಂಶಗಳ ನಿರ್ವಹಣೆ ಸರಿಯಾಗಿದ್ದಾಗ ಕನಿಷ್ಠ ಉಳುಮೆಯ ಇಳುವರಿ ವಾಡಿಕೆಯ ಉಳುಮೆಗೆ ಸರಿಸಮನಾಗಿ ನಿಂತಿತು. ಮೇಲ್ಪದರದ ಸಾವಯವ ಇಂಗಾಲವೂ ಸುಧಾರಿಸಿತು. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ಬೆಳೆ ಉಳಿಕೆಯನ್ನು ಹೊಲದಲ್ಲಿ ಉಳಿಸುವ ಸಂರಕ್ಷಣಾ ಬೇಸಾಯವನ್ನು ಅಗಲ ಮಡಿ ಪದ್ಧತಿಯೊಡನೆ ಪರೀಕ್ಷಿಸಲಾಗಿದೆ.

ಇದರ ಕಾರಣವನ್ನು ಸಸ್ಯದ ಸ್ವಭಾವದಲ್ಲಿಯೇ ಕಾಣಬಹುದು. ಸೋಯಾ ಬೀಜ ಮೊಳೆತಾಗ ದಪ್ಪನೆಯ ಎರಡು ಬೀಜದಳಗಳನ್ನು ಮಣ್ಣಿನ ಮೇಲಕ್ಕೆ ಎತ್ತಿಕೊಂಡೇ ಬರಬೇಕು. ಬಿತ್ತನೆ 3ರಿಂದ 4 ಸೆಂ.ಮೀ. ಆಳದಲ್ಲಿದ್ದು, ಮೇಲಿನ ಮಣ್ಣು ಸಡಿಲವಾಗಿದ್ದರೆ ಮಾತ್ರ ಇದು ಸುಗಮ. ರೋಟವೇಟರಿನಿಂದ ಮಣ್ಣನ್ನು ಹಿಟ್ಟಿನಂತೆ ಪುಡಿಮಾಡಿದ ಹೊಲದಲ್ಲಿ ಬಿತ್ತನೆಯ ನಂತರ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲೆ ಹೆಪ್ಪು ಕಟ್ಟುತ್ತದೆ. ಮೊಳಕೆಯ ಕುತ್ತಿಗೆ ಮುರಿಯುತ್ತದೆ. ಸೋಯಾ ಬೀಜದ ಮೊಳಕೆಯ ಶಕ್ತಿ ಸಂಗ್ರಹಣೆಯಲ್ಲಿ ಬೇಗನೆ ಕುಂದುವುದರಿಂದ ಈ ಅಪಾಯ ಇಮ್ಮಡಿಯಾಗುತ್ತದೆ. ನೋಡಲು ಅಂದವಾದ, ನುಣುಪಾದ ಹೊಲ ಸೋಯಾಕ್ಕೆ ಉತ್ತಮ ಹೊಲವಾಗಿರಲೇಬೇಕೆಂದಿಲ್ಲ. ವರ್ಷವೂ ಒಂದೇ ಆಳದಲ್ಲಿ ತಿರುಗುವ ರೋಟವೇಟರಿನ ಅಲಗು ಅದರ ಕೆಳಗೆ ಗಟ್ಟಿ ಪದರವನ್ನು ನಿರ್ಮಿಸುವುದೂ ಉಂಟು. ಆ ಪದರದ ಮೇಲೆ ನೀರು ನಿಂತರೆ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ಸೂಕ್ಷ್ಮಾಣುಗಳಿಗೆ ಗಾಳಿ ದೊರೆಯದೆ ಬೆಳೆ ಹಳದಿಯಾಗುತ್ತದೆ.

ಸಮಯದ ಅಂಶವೂ ಮುಖ್ಯ. ಸುಮಾರು 100 ಮಿ.ಮೀ. ಮಳೆಯಾದ ಮೇಲೆ, ಜೂನ್ ಮಧ್ಯದಿಂದ ಜುಲೈ ಮೊದಲ ವಾರದೊಳಗೆ ಬಿತ್ತನೆ ಮುಗಿಯಬೇಕು. ಎರೆಭೂಮಿ ಒದ್ದೆಯಾದರೆ ಚಕ್ರಕ್ಕೆ, ಕುಂಟೆಗೆ ಅಂಟುತ್ತದೆ, ಒಣಗಿದರೆ ಕಲ್ಲಿನಂತಾಗುತ್ತದೆ. ಹದ ಸಿಗುವುದು ಕೆಲವೇ ದಿನ. ಆ ದಿನಗಳನ್ನು ಉಳುಮೆಯಲ್ಲಿ ಕಳೆಯದೆ ಬಿತ್ತನೆಗೆ ಬಳಸಬಲ್ಲ ರೈತನಿಗೆ ಹಂಗಾಮು ಕೈತಪ್ಪುವುದಿಲ್ಲ.

ಕಳೆಗಳು ಹೇಗೆ ಬದಲಾಗುತ್ತವೆ

ಹೀಗಿದ್ದ ಮೇಲೆ ಉಳುಮೆಯನ್ನು ಕೈಬಿಟ್ಟರಾಯಿತಲ್ಲ ಎಂದು ಓದುಗರಿಗೆ ಅನ್ನಿಸಬಹುದು. ಅಡ್ಡಿಯಿರುವುದು ಉಳುಮೆಯ ಮೂರನೆಯ ಉದ್ದೇಶದಲ್ಲಿ. ಸೋಯಾ ಅವರೆ ಮೊದಲ 30ರಿಂದ 45 ದಿನಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. 30 ಸೆಂ.ಮೀ. ಅಂತರದ ಸಾಲುಗಳು ಕೂಡಿಕೊಂಡು ನೆಲಕ್ಕೆ ನೆರಳು ಕವಿಯುವವರೆಗೆ ಕಳೆಗೆ ತೆರೆದ ಬಾಗಿಲು. ಈ ಅವಧಿಯಲ್ಲಿ ಕಳೆ ತೆಗೆಯದೆ ಬಿಟ್ಟರೆ ಇಳುವರಿಯ ಮೂರನೆಯ ಒಂದು ಭಾಗದಿಂದ ಮುಕ್ಕಾಲು ಭಾಗದವರೆಗೂ ನಷ್ಟವಾಗಬಹುದು. ಉಳುಮೆಯ ವಿಧಾನ ಬದಲಾದರೆ ಕಳೆಯ ಪ್ರಮಾಣವಷ್ಟೇ ಅಲ್ಲದೆ ಅದರ ಜಾತಿಯೂ ಬದಲಾಗುತ್ತದೆ.

ಮೊದಲಿಗೆ ಬೀಜದಿಂದ ಹುಟ್ಟುವ ವಾರ್ಷಿಕ ಕಳೆಗಳನ್ನು ನೋಡೋಣ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಗೋಣಿಸೊಪ್ಪು, ಕಾಡುದಂಟು ಮೊದಲಾದವುಗಳ ಬೀಜ ಬಲು ಸಣ್ಣದು. ಮೇಲಿನ ಎರಡು ಮೂರು ಸೆಂ.ಮೀ. ಮಣ್ಣಿನಲ್ಲಿದ್ದರೆ ಮಾತ್ರ ಅವು ಮೊಳೆತು ಮೇಲೆ ಬರಬಲ್ಲವು. ಆಳವಾಗಿ ಉತ್ತಾಗ ಈ ವರ್ಷದ ಬೀಜಗಳು ಕೆಳಗೆ ಹೂತುಹೋಗುತ್ತವೆ. ಆದರೆ ಹಿಂದಿನ ವರ್ಷಗಳಲ್ಲಿ ಹೂತುಹೋಗಿ ನಿದ್ರಿಸುತ್ತಿದ್ದ ಬೀಜಗಳು ಮೇಲೆ ಬಂದು ಬೆಳಕು ಕಂಡು ಮೊಳೆಯುತ್ತವೆ. ಉಳುಮೆಯು ಕಳೆಯ ಠೇವಣಿಯಿಂದ ಪ್ರತಿ ವರ್ಷ ಒಂದಿಷ್ಟನ್ನು ಹೊರತೆಗೆದು, ಮತ್ತೊಂದಿಷ್ಟನ್ನು ಜಮಾ ಮಾಡುವ ವ್ಯವಹಾರವಿದ್ದಂತೆ.

ಉಳುಮೆ ನಿಲ್ಲಿಸಿದಾಗ ಹೊಸ ಬೀಜಗಳೆಲ್ಲ ಮೇಲ್ಪದರದಲ್ಲಿಯೇ ಉಳಿಯುತ್ತವೆ. ಮೊದಲ ಎರಡು ಮೂರು ವರ್ಷ ಕಳೆ ಹೆಚ್ಚಾಗಿ ಕಾಣುವುದು ಇದರಿಂದಲೇ. ಈ ಅವಧಿಯಲ್ಲಿ ಕಳೆ ಬೀಜ ಕಟ್ಟದಂತೆ ನೋಡಿಕೊಂಡರೆ ಮೇಲಿನ ದಾಸ್ತಾನು ಮೊಳೆತು, ಇರುವೆ ಮತ್ತು ಕೀಟಗಳಿಗೆ ಆಹಾರವಾಗಿ ಬರಿದಾಗುತ್ತದೆ. ಕೆಳಗಿನ ದಾಸ್ತಾನು ಮೇಲೆ ಬರುವುದಿಲ್ಲ. ಅಲಕ್ಷ್ಯ ಮಾಡಿದರೆ ಒಂದೇ ವರ್ಷದಲ್ಲಿ ಹೊಲ ಹದಗೆಡುತ್ತದೆ. ಶೂನ್ಯ ಉಳುಮೆಯನ್ನು ಒಂದು ವರ್ಷ ಮಾಡಿ ಕೈಬಿಟ್ಟ ರೈತರ ಅನುಭವ ಕಹಿಯಾಗಿರಲು ಇದೇ ಪ್ರಮುಖ ಕಾರಣ.

ಎರಡನೆಯ ಗುಂಪು ಬಹುವಾರ್ಷಿಕ ಕಳೆಗಳದು. ಗರಿಕೆ ಮತ್ತು ತುಂಗೆಗಡ್ಡೆ ಇವುಗಳಲ್ಲಿ ಅಗ್ರಗಣ್ಯ. ಏಪ್ರಿಲ್–ಮೇ ತಿಂಗಳ ಆಳ ಉಳುಮೆಯು ಗಡ್ಡೆ ಹಾಗೂ ಬೇರುಗಳನ್ನು ಮೇಲೆ ತಂದು ಬಿಸಿಲಿಗೆ ಒಣಗಿಸುತ್ತದೆ. ಇದೇ ಕಳೆಯಿರುವ ಹೊಲದಲ್ಲಿ ತೇವವಿದ್ದಾಗ ರೋಟವೇಟರ್ ಹೊಡೆದರೆ ಗರಿಕೆಯ ಒಂದು ಬಳ್ಳಿ ಹತ್ತಾರು ತುಂಡುಗಳಾಗಿ, ಗೆಣ್ಣಿರುವ ಪ್ರತಿಯೊಂದು ತುಂಡೂ ಹೊಸ ಗಿಡವಾಗುತ್ತದೆ. ಶೂನ್ಯ ಉಳುಮೆಯಲ್ಲಿ ಈ ಕಳೆಗಳಿಗೆ ಅಡ್ಡಿಯೇ ಇಲ್ಲದಿರುವುದರಿಂದ ವರ್ಷದಿಂದ ವರ್ಷಕ್ಕೆ ಹಬ್ಬುತ್ತವೆ. ಇಂದೂರಿನ ಸೋಯಾಬೀನ್ ಸಂಶೋಧನಾ ಸಂಸ್ಥೆಯು ಪ್ರತಿ ವರ್ಷದ ಬದಲಿಗೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಬೇಸಿಗೆಯ ಆಳ ಉಳುಮೆ ಸಾಕೆಂದು ಸಲಹೆ ನೀಡುತ್ತ ಬಂದಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ.

ಬ್ರೆಜಿಲ್ ಮಾದರಿ ಇಲ್ಲಿ ಏಕೆ ಹಾಗೆಯೇ ಒಗ್ಗದು

ಶೂನ್ಯ ಉಳುಮೆಯ ಮಾತು ಬಂದಾಗಲೆಲ್ಲ ಬ್ರೆಜಿಲ್ ದೇಶದ ಉದಾಹರಣೆ ಬರುತ್ತದೆ. ಅಲ್ಲಿನ ಪರಾನಾ ಪ್ರಾಂತದ ರೋಲಾಂಡಿಯಾದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತರು ಮಣ್ಣಿನ ಕೊಚ್ಚಣೆಯಿಂದ ಬೇಸತ್ತು 1972ರಲ್ಲಿ ಉಳದೆಯೇ ಸೋಯಾ ಬಿತ್ತಿದರು. ಮುಂದಿನ ದಶಕಗಳಲ್ಲಿ ಈ ಪದ್ಧತಿ ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಲ್ಲಿ ಸೋಯಾ ಬೇಸಾಯದ ವಾಡಿಕೆಯೇ ಆಯಿತು.

ಅಲ್ಲಿನ ಯಶಸ್ಸಿಗೆ ಎರಡು ಆಧಾರಗಳಿದ್ದವು. ಒಂದು, ಓಟ್ಸ್‌ನಂತಹ ಹೊದಿಕೆ ಬೆಳೆಯನ್ನು ಬೆಳೆದು ಹೊಲದ ಮೇಲೆಯೇ ಮಲಗಿಸುವುದರಿಂದ ದೊರೆಯುವ ದಪ್ಪ ಮುಚ್ಚಿಗೆ. ಇನ್ನೊಂದು, ಕಳೆನಾಶಕ, 1996ರ ನಂತರ ಗ್ಲೈಫೋಸೇಟ್ ತಾಳಿಕೊಳ್ಳುವ ಕುಲಾಂತರಿ ಸೋಯಾ ಬಂದ ಮೇಲೆ ಬೆಳೆಯ ಮೇಲೆಯೇ ಅದನ್ನು ಸಿಂಪಡಿಸಲು ಸಾಧ್ಯವಾಯಿತು. ಒಂದೇ ರಾಸಾಯನಿಕವನ್ನು ಅವಲಂಬಿಸಿದುದರ ಫಲವಾಗಿ ಅದಕ್ಕೆ ಜಗ್ಗದ ಕಳೆಗಳು ಹುಟ್ಟಿಕೊಂಡು, ಅಲ್ಲಿಯೂ ಈಗ ಅನೇಕ ರಾಸಾಯನಿಕಗಳನ್ನು ಬೆರೆಸುವ ಸ್ಥಿತಿ ಬಂದಿದೆ.

ನಮ್ಮಲ್ಲಿ ಈ ಎರಡೂ ಆಧಾರಗಳು ದುರ್ಬಲ. ಜೋಳದ ಕಣಿಕೆ, ಗೋಧಿಯ ಹುಲ್ಲು, ಸೋಯಾದ ಹೊಟ್ಟು ಇವೆಲ್ಲ ದನಕರುಗಳ ಮೇವು. ಅವುಗಳನ್ನು ಹೊಲದಲ್ಲಿ ಬಿಡಬೇಕೆಂದು ಹೇಳುವುದು ಕೊಟ್ಟಿಗೆಗೆ ಕತ್ತರಿ ಹಾಕಿದಂತೆ. ಸೋಯಾ ಕಟಾವಿಗೆ ಮುನ್ನ ಉದುರಿಸುವ ಎಲೆ ಮಾತ್ರ ಹೊಲಕ್ಕೆ ಸಲ್ಲುತ್ತದೆ. ಕುಲಾಂತರಿ ಸೋಯಾ ಬೆಳೆಯಲು ಭಾರತದಲ್ಲಿ ಅನುಮತಿಯಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಗ್ಲೈಫೋಸೇಟನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಆದ್ದರಿಂದ ನಮಗೆ ಹೊಂದುವುದು ಶೂನ್ಯ ಉಳುಮೆಗಿಂತ ಕನಿಷ್ಠ ಉಳುಮೆ ಎಂದು ಭಾವಿಸಲು ಬಲವಾದ ಕಾರಣಗಳಿವೆ.

ಕಳೆ ಹತೋಟಿಯ ಸಾಧನಗಳು

ಎಡೆಕುಂಟೆ ನಮ್ಮ ಹಳೆಯ, ಇಂದಿಗೂ ಸಲ್ಲುವ ಸಾಧನ. ಬಿತ್ತಿದ 20 ಮತ್ತು 35ನೆಯ ದಿನದ ಆಸುಪಾಸಿನಲ್ಲಿ ಎರಡು ಬಾರಿ ಎಡೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಕೈಯಿಂದ ತೆಗೆದರೆ ಬೆಳೆ ಗೆದ್ದಂತೆ. ಎಡೆಕುಂಟೆಯು ಮೇಲ್ಪದರದ ಬಿರುಕುಗಳನ್ನು ಮುಚ್ಚಿ ತೇವವನ್ನೂ ಉಳಿಸುತ್ತದೆ. ಆದರೆ ಜುಲೈನಲ್ಲಿ ಜಡಿಮಳೆ ಹಿಡಿದರೆ ಎರೆಭೂಮಿಯಲ್ಲಿ ಕಾಲಿಡಲೂ ಆಗದು. ಎಲ್ಲ ಹೊಲಗಳಿಗೂ ಒಂದೇ ವಾರ ಕಳೆ ತೆಗೆಯುವ ಹೆಣ್ಣಾಳು ಬೇಕಾಗುವುದರಿಂದ ಕೂಲಿ ಏರುತ್ತದೆ, ಕೆಲಸ ತಡವಾಗುತ್ತದೆ.

ಈ ಕೊರತೆಯನ್ನು ಕಳೆನಾಶಕಗಳು ತುಂಬಿವೆ. ಬಿತ್ತಿದ ಒಂದೆರಡು ದಿನಗಳೊಳಗೆ, ಬೆಳೆ ಮೊಳೆಯುವ ಮುನ್ನ ಪೆಂಡಿಮೆಥಾಲಿನ್, ಅಥವಾ 15ರಿಂದ 20 ದಿನದ ಬೆಳೆಯಲ್ಲಿ ಇಮಾಜೆಥಾಪೈರ್ ಬಳಸುವುದು ರೂಢಿಯಲ್ಲಿದೆ. ಎರಡು ಎಚ್ಚರಿಕೆಗಳು ಅಗತ್ಯ. ಪೆಂಡಿಮೆಥಾಲಿನ್ ಮಣ್ಣಿನ ಮೇಲೆ ಪದರವಾಗಿ ಕೂತು ಕೆಲಸ ಮಾಡುವಂಥದು. ಹೊಲದಲ್ಲಿ ಬೆಳೆ ಉಳಿಕೆ ದಟ್ಟವಾಗಿದ್ದರೆ ಔಷಧ ಅದರ ಮೇಲೆಯೇ ನಿಂತು ಪರಿಣಾಮ ಕುಗ್ಗುತ್ತದೆ. ಇಮಾಜೆಥಾಪೈರ್ ಮಣ್ಣಿನಲ್ಲಿ ಬಹುಕಾಲ ಉಳಿಯುವುದರಿಂದ ಹಿಂಗಾರಿನಲ್ಲಿ ಜೋಳ ಮುಂತಾದ ಬೆಳೆಗೆ ತೊಂದರೆಯಾಗಬಹುದು. ಮುಂದಿನ ಬೆಳೆಯನ್ನು ಮೊದಲೇ ನಿಶ್ಚಯಿಸಿ, ಡಬ್ಬಿಯ ಮೇಲಿನ ಸೂಚನೆಯನ್ನು ಓದಿಯೇ ಬಳಸಬೇಕು. ವರ್ಷವೂ ಒಂದೇ ಔಷಧವನ್ನು ಬಳಸಿದರೆ ಬ್ರೆಜಿಲ್‌ನ ಕಥೆ ಇಲ್ಲಿಯೂ ಮರುಕಳಿಸೀತು.

ವೆಚ್ಚದ ಒಂದು ಸರಳ ಲೆಕ್ಕ

2025–26ನೆಯ ಹಂಗಾಮಿಗೆ ಸೋಯಾ ಅವರೆಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ ರೂ. 5,328. ಹೆಕ್ಟೇರಿಗೆ 10 ಕ್ವಿಂಟಾಲ್ ಬೆಳೆಯುವ ರೈತನ ಒಟ್ಟು ಆದಾಯ ಈ ದರದಲ್ಲಿ ರೂ. 53,280. ಕಳೆಯಿಂದ ಶೇಕಡಾ 10ರಷ್ಟು ಇಳುವರಿ ಕುಗ್ಗಿದರೆ ನಷ್ಟವಾಗುವುದು ಒಂದು ಕ್ವಿಂಟಾಲ್, ಅಂದರೆ ರೂ. 5,328. ಉಳುಮೆ ಕಡಿಮೆ ಮಾಡಲು ಹೊರಟ ರೈತನು ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಉಳಿಸಿದ ಹಣವನ್ನು ಈ ಮೊತ್ತದೊಡನೆ ಹೋಲಿಸಿ ನೋಡಬೇಕು. ಉಳಿತಾಯದ ಒಂದು ಭಾಗವನ್ನು ಸಕಾಲದ ಎಡೆ, ಕಳೆನಾಶಕ ಮತ್ತು ಕೂಲಿಗೆಂದು ತೆಗೆದಿಟ್ಟರೆ ಲಾಭ ಉಳಿಯುತ್ತದೆ. ಪೂರ್ತಿ ಉಳಿತಾಯವೆಂದು ಜೇಬಿಗೆ ಹಾಕಿಕೊಂಡರೆ ಕಳೆಯು ಅದನ್ನು ಬಡ್ಡಿಸಹಿತ ವಸೂಲು ಮಾಡುತ್ತದೆ. ಬೆಂಬಲ ಬೆಲೆಗಿಂತ ಮಾರುಕಟ್ಟೆಯ ದರ ಕೆಳಗಿಳಿದ ವರ್ಷಗಳಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ.

ವಾಣಿಜ್ಯ ವಲಯಕ್ಕೆ ಇದರ ಅರ್ಥ

ಮೊದಲನೆಯದಾಗಿ, ಖರೀದಿದಾರರಿಗೆ. ಒಂದು ಟನ್ ಸೋಯಾದಿಂದ ಸುಮಾರು 180 ಕಿಲೋ ಎಣ್ಣೆ, 800 ಕಿಲೋಗೂ ಮಿಕ್ಕಿ ಹಿಂಡಿ ದೊರೆಯುತ್ತದೆ. ಎಣ್ಣೆ ಕಾರ್ಖಾನೆಗಳ ಖರೀದಿಯಲ್ಲಿ ‘10–2–2’ ಎಂಬ ಮಾತು ಪರಿಚಿತ: ತೇವಾಂಶ ಶೇ. 10, ಕಸಕಡ್ಡಿ ಶೇ. 2, ಹಾನಿಗೊಂಡ ಕಾಳು ಶೇ. 2. ಕಟಾವಿನ ವೇಳೆ ಹಸಿರು ಕಳೆ ತುಂಬಿದ ಹೊಲದ ಮಾಲು ಈ ಮೂರು ಅಂಕಿಗಳಲ್ಲಿಯೂ ಸೋಲುತ್ತದೆ. ಕಳೆಯ ರಸ ಕಾಳಿಗೆ ಅಂಟುತ್ತದೆ, ತೇವ ಏರುತ್ತದೆ, ಕಳೆಬೀಜ ಬೆರೆಯುತ್ತದೆ. 2024ರ ನವೆಂಬರ್‌ನಲ್ಲಿ ಬೆಂಬಲ ಬೆಲೆಯ ಖರೀದಿಗೆ ತೇವಾಂಶದ ಮಿತಿಯನ್ನು ಶೇ. 12ರಿಂದ ಶೇ. 15ಕ್ಕೆ ಸಡಿಲಿಸಬೇಕಾಗಿ ಬಂದುದು ತೇವದ ಪ್ರಶ್ನೆ ರೈತರಿಗೆ ಎಷ್ಟು ದುಬಾರಿಯೆಂಬುದನ್ನು ತೋರಿಸುತ್ತದೆ.

ಎರಡನೆಯದಾಗಿ, ಹಿಂಡಿಯ ವ್ಯಾಪಾರಿಗಳಿಗೆ. ಕುಲಾಂತರಿಯಲ್ಲದ ಸೋಯಾ ಎಂಬುದು ಭಾರತದ ಹಿಂಡಿಗೆ ವಿದೇಶಗಳಲ್ಲಿರುವ ವಿಶೇಷ ಗುರುತು. ದೇಶದಲ್ಲಿ ಬೆಲೆ ಗಗನಕ್ಕೇರಿದ 2021ರ ಆಗಸ್ಟ್‌ನಲ್ಲಿ ಕೋಳಿ ಸಾಕಣೆದಾರರಿಗಾಗಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ನೀಡಲಾಯಿತು. ಆ ಗುರುತನ್ನು ಉಳಿಸಿಕೊಳ್ಳಬೇಕಾದರೆ ಬೆಳೆಯ ಮೇಲೆ ಗ್ಲೈಫೋಸೇಟ್ ಸಿಂಪಡಿಸುವ ಸುಲಭದ ದಾರಿ ನಮಗಿಲ್ಲ. ಉಳುಮೆ, ಎಡೆಕುಂಟೆ ಮತ್ತು ಮಿತವಾದ ಔಷಧ ಇವುಗಳ ಸಂಯೋಜನೆಯೇ ದಾರಿ.

ಮೂರನೆಯದಾಗಿ, ಉಪಕರಣ ತಯಾರಕರಿಗೆ. ರೈತನಿಗೆ ಬೇಕಾದುದು ಎರೆಭೂಮಿಯ ಅಂಟಿಗೆ ಕಟ್ಟಿಕೊಳ್ಳದ, ಬೀಜವನ್ನು ಒಡೆಯದ, ಆಳವನ್ನು 3–4 ಸೆಂ.ಮೀ.ಗೆ ಕಾಯ್ದುಕೊಳ್ಳುವ ಕೂರಿಗೆ. ಮಡಿ ಕಟ್ಟುತ್ತಲೇ ಬಿತ್ತುವ ಯಂತ್ರ. ಸಾಲಿನ ನಡುವೆ ಓಡಾಡಬಲ್ಲ ಹಗುರ ಎಡೆಯಂತ್ರ. ಸಣ್ಣ ಹಿಡುವಳಿಯ ರೈತರು ಇವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೇ ಹೆಚ್ಚು. ರಾಜ್ಯದಲ್ಲಿ 2014ರಿಂದ ಆರಂಭವಾದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳ ವ್ಯವಸ್ಥೆಯನ್ನು ಗಮನದಲ್ಲಿಟ್ಟುಕೊಂಡು, ದಿನವಿಡೀ ಹಲವು ಹೊಲಗಳಲ್ಲಿ ದುಡಿಯಬಲ್ಲ, ಬಿಡಿಭಾಗ ಸುಲಭವಾಗಿ ಬದಲಾಯಿಸಬಹುದಾದ ವಿನ್ಯಾಸಗಳಿಗೆ ನಮ್ಮ ಸಣ್ಣ ಕೈಗಾರಿಕೆಗಳು ಆದ್ಯತೆ ನೀಡಬಹುದು. ವಿನ್ಯಾಸಕ್ಕೆ ಮುನ್ನ ಒಮ್ಮೆ ಜೂನ್ ತಿಂಗಳಲ್ಲಿ ಎರೆಹೊಲಕ್ಕೆ ಭೇಟಿ ನೀಡುವುದು ಒಳಿತು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಪರೀಕ್ಷೆಗೊಂಡ ಯಂತ್ರ ಅಲ್ಲಿ ಎಡವಬಹುದು.

ಉಪಸಂಹಾರ

ಸೋಯಾ ಅವರೆಗೆ ಹೆಚ್ಚು ಉಳುಮೆಯ ಅಗತ್ಯವಿಲ್ಲ, ಆದರೆ ಕಳೆರಹಿತವಾದ ಮೊದಲ 45 ದಿನಗಳ ಅಗತ್ಯವಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯ ಆಳ ಉಳುಮೆ, ಉಳಿದ ವರ್ಷಗಳಲ್ಲಿ ಕುಂಟೆಯಿಂದ ಹರಗುವಿಕೆ, ಸಾಧ್ಯವಿದ್ದಲ್ಲಿ ಅಗಲ ಮಡಿ, ಸಕಾಲದ ಎಡೆ ಮತ್ತು ವಿವೇಚನೆಯಿಂದ ಬಳಸಿದ ಕಳೆನಾಶಕ: ಈ ಕ್ರಮವು ರೈತನ ಖರ್ಚನ್ನು ತಗ್ಗಿಸಿ ಇಳುವರಿಯನ್ನು ಕಾಯುತ್ತದೆ. ಯಂತ್ರ, ಔಷಧ, ಬೀಜಗಳನ್ನು ಬಿಡಿಬಿಡಿಯಾಗಿ ಮಾರುವ ವ್ಯಾಪಾರಿಗಳು ಇಡೀ ಕ್ರಮವನ್ನು ಅರಿತು ಸಲಹೆ ನೀಡಿದಲ್ಲಿ ರೈತನ ವಿಶ್ವಾಸವೂ, ಮುಂದಿನ ಹಂಗಾಮಿನ ವ್ಯವಹಾರವೂ ಅವರದಾಗುತ್ತವೆ.